ಮುತ್ತು, ತೈಲ, ಫಾಸ್ಫೇಟ್: ದೇಶಗಳು ಬೆಳೆಯೋದರ ಹಿಂದಿನ ಲೆಕ್ಕ

ಒಂದು ದೇಶದ ತಲಾ ಆದಾಯ ವರ್ಷಕ್ಕೆ ಶೇ. 1ರಂತೆ ಬೆಳೆದರೆ ಎರಡು ಪಟ್ಟಾಗಲು ಸುಮಾರು 70 ವರ್ಷ ಬೇಕು. ಶೇ. 2ರಂತೆ ಬೆಳೆದರೆ ಅಷ್ಟೇ ವರ್ಷದಲ್ಲಿ ನಾಲ್ಕು ಪಟ್ಟಾಗುತ್ತದೆ. ಚಕ್ರಬಡ್ಡಿಯ ಲೆಕ್ಕ ಇದು. ಹಾಗಾದ್ರೆ ಕೆಲವು ದೇಶಗಳ ಬೆಳವಣಿಗೆ ನಿಲ್ಲದೆ ಸಾಗುವುದು, ಕೆಲವು ದೇಶಗಳದ್ದು ಮಧ್ಯದಲ್ಲೇ ಕುಸಿಯುವುದು ಯಾಕೆ? ಆರ್ಥಿಕ ಇತಿಹಾಸ ಹುಡುಕುವುದು ಇದನ್ನೇ. 1993ರಲ್ಲಿ ನೊಬೆಲ್ ಪಡೆದ ಡಗ್ಲಸ್ ನಾರ್ತ್ ಒತ್ತಿ ಹೇಳಿದ್ದು, ಸಮಾಜ ತನಗೆ ಹಾಕಿಕೊಂಡ ನಿಯಮ, ಕಟ್ಟುಪಾಡುಗಳೇ ಇದರಲ್ಲಿ ಮುಖ್ಯ ಅಂತ.

ಮುತ್ತಿನ ಕಾಲ

ತೈಲಕ್ಕೆ ಮೊದಲು ಕುವೈತ್, ಬಹರೈನ್, ದುಬೈಗಳ ಬದುಕು ಮುತ್ತಿನ ಮೇಲೆ ನಿಂತಿತ್ತು. ಮುಳುಗುಗಾರರು ಮುಂಗಡ ಸಾಲ ಪಡೆದು ದುಡಿಯುತ್ತಿದ್ದರು. ತೀರದ ಸಾಲ ಮಕ್ಕಳ ತಲೆಗೂ ಬರುತ್ತಿತ್ತು. ಮುತ್ತಿಗೆ ದೊಡ್ಡ ಮಾರುಕಟ್ಟೆ ನಮ್ಮ ಬಾಂಬೆ. ಜಪಾನ್ ಮುತ್ತು ಬೆಳೆಸಲು ಕಲಿತದ್ದು, ಅದರ ಮೇಲೆ 1929ರ ಜಾಗತಿಕ ಆರ್ಥಿಕ ಕುಸಿತ, ಇವೆರಡೂ ಸೇರಿ ಆ ವ್ಯಾಪಾರವನ್ನು ನೆಲಕಚ್ಚಿಸಿದವು.

ಕುವೈತ್ ಮಾಡಿದ್ದೇನು?

ಕುವೈತಿನಲ್ಲಿ 1938ರಲ್ಲಿ ತೈಲ ಸಿಕ್ಕಿತು, 1946ರಲ್ಲಿ ರಫ್ತು ಶುರುವಾಯಿತು. 1953ರಲ್ಲೇ, ಅಂದ್ರೆ ಸ್ವಾತಂತ್ರ್ಯಕ್ಕೆ 8 ವರ್ಷ ಮೊದಲು, ತೈಲದ ಹಣ ಹೂಡಲು ಮಂಡಳಿ ರಚನೆಯಾಯಿತು. ಮುಂದಿನ ತಲೆಮಾರಿನ ನಿಧಿಗೆ ಪ್ರತಿ ವರ್ಷ ಸರ್ಕಾರಿ ಆದಾಯದ ಶೇ. 10 ಇಡಬೇಕೆಂಬ ಕಾನೂನು 1976ರಲ್ಲಿ ಬಂತು. 1990ರಲ್ಲಿ ಇರಾಕ್ ಆಕ್ರಮಣ ಮಾಡಿದಾಗ ದೇಶ ಕೈತಪ್ಪಿದರೂ ಹೊರಗೆ ಹೂಡಿದ್ದ ಹಣ ಉಳಿದಿತ್ತು. ಪುನರ್‌ನಿರ್ಮಾಣಕ್ಕೆ ಅದೇ ಆಸರೆಯಾಯಿತು.

ನೌರು ಕಳೆದುಕೊಂಡದ್ದೇನು?

ಪೆಸಿಫಿಕ್ ಸಾಗರದ ನೌರು ಕೇವಲ 21 ಚದರ ಕಿ.ಮೀ. ದ್ವೀಪ. 1968ರಲ್ಲಿ ಸ್ವತಂತ್ರವಾಯಿತು. ಫಾಸ್ಫೇಟ್ ಗಣಿಯಿಂದ 1970ರ ದಶಕದಲ್ಲಿ ಅದರ ತಲಾ ಆದಾಯ ಜಗತ್ತಿನ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ನಿಧಿ ಅಲ್ಲೂ ಇತ್ತು. ಆದರೆ ಕಾವಲು ಸಡಿಲವಾಗಿತ್ತು: ಕೆಟ್ಟ ಹೂಡಿಕೆ, ಮೇಲೆ ಸಾಲ. ಮೆಲ್ಬರ್ನ್‌ನಲ್ಲಿ ಕಟ್ಟಿಸಿದ್ದ 52 ಮಹಡಿಯ ನೌರು ಹೌಸ್ ಕೂಡ 2004ರಲ್ಲಿ ಸಾಲಗಾರರ ಪಾಲಾಗಿ ಮಾರಾಟವಾಯಿತು. ಅಗೆದ ನೆಲ ಮಾತ್ರ ಉಳಿಯಿತು.

ಆದಾಯವೋ, ಆಸ್ತಿಯೋ?

ಲೆಕ್ಕಪತ್ರದ ಭಾಷೆಯಲ್ಲಿ ಹೇಳೋದಾದ್ರೆ, ತೈಲ ಅಥವಾ ಅದಿರು ಮಾರಿ ಬಂದ ಹಣವೆಲ್ಲ ಆದಾಯವಲ್ಲ. ಅದು ಆಸ್ತಿ ಮಾರಿ ಪಡೆದ ನಗದು. ಅದರಿಂದ ಇನ್ನೊಂದು ಆಸ್ತಿ ಹುಟ್ಟಿದರೆ ಮಾತ್ರ ದೇಶ ಬಡವಾಗದೆ ಉಳಿಯುತ್ತದೆ. ಆ ಆಸ್ತಿ ನಿಧಿಯೇ ಆಗಬೇಕೆಂದಿಲ್ಲ. ದುಬೈಯಲ್ಲಿ ತೈಲ ಸಿಕ್ಕಿದ್ದು 1966ರಲ್ಲಿ. ಅದಕ್ಕೂ ಮೊದಲೇ ಕುವೈತಿನಿಂದ ಸಾಲ ತಂದು ಕ್ರೀಕ್‌ನ ಹೂಳೆತ್ತಿ ಹಡಗುಗಳಿಗೆ ದಾರಿ ಮಾಡಿಕೊಟ್ಟಿದ್ದರು. ಆಮೇಲೆ ಬಂದ ತೈಲದ ಹಣ ಬಂದರು ಕಟ್ಟಲು ನೆರವಾಯಿತು.

ಗಲ್ಫ್‌ನಲ್ಲಿ ದುಡಿಯುವ ಕುಟುಂಬಗಳಿಗೂ ಈ ಲೆಕ್ಕ ದೂರದ್ದಲ್ಲ. ವೀಸಾ ಇರುವವರೆಗೆ ಮಾತ್ರ ಬರುವ ಸಂಬಳವೂ ಒಂದು ರೀತಿ ತೈಲದ ಬಾವಿಯೇ. ಊರಿಗೆ ಕಳಿಸಿದ ಹಣದಲ್ಲಿ ಎಷ್ಟು ಖರ್ಚಾಯಿತು, ಎಷ್ಟು ಮಕ್ಕಳ ಓದು, ಜಮೀನು, ಉಳಿತಾಯವಾಗಿ ನಿಂತಿತು ಅನ್ನೋದನ್ನು ಬಾವಿ ಬತ್ತುವ ಮೊದಲೇ ನೋಡಿಕೊಳ್ಳಬೇಕು.