ಕಡಲಿಗಿಳಿಯುವ ಮುನ್ನ: ಉಸಿರಿನ ನಳಿಗೆಯ ಕಥೆ

ಮಳೆಗಾಲ ಕಳೆದು ದೀಪಾವಳಿ ಸಮೀಪಿಸಿತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ರಜೆಯ ಮಾತು ಮೊದಲಾಗುತ್ತದೆ. ಊರು, ದೇವರು, ನೆಂಟರಿಷ್ಟರು ಎಂಬ ಹಳೆಯ ಪಟ್ಟಿಗೆ ಈಗ ಇನ್ನೊಂದು ಬಾಬತ್ತು ಸೇರಿಕೊಂಡಿದೆ. ಅದು ಕಡಲಿನ ಒಡಲನ್ನು ಕಣ್ಣಾರೆ ಕಾಣುವುದು. ಮುಖಕ್ಕೆ ಗಾಜಿನ ಮುಖವಾಡ, ಬಾಯಿಗೊಂದು ಬಾಗಿದ ನಳಿಗೆ, ಕಾಲಿಗೆ ರಬ್ಬರಿನ ಈಜುರೆಕ್ಕೆ ತೊಟ್ಟು ನೀರಿನ ಮೇಲೆ ಬೋರಲಾಗಿ ತೇಲುತ್ತ ಹವಳವನ್ನೂ ಮೀನನ್ನೂ ನೋಡುವ ಈ ಆಟಕ್ಕೆ ಸ್ನಾರ್ಕೆಲಿಂಗ್ ಎಂದು ಹೆಸರು. ಮಾಲವಣದ ಸಿಂಧುದುರ್ಗ ಕೋಟೆಯ ಆಸುಪಾಸಿನಲ್ಲಿ, ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿಯಲ್ಲಿ, ಲಕ್ಷದ್ವೀಪ ಅಂಡಮಾನುಗಳಲ್ಲಿ ಇದಕ್ಕೆ ಅನುಕೂಲವಿದೆ. ದೋಣಿಯವರೇ ಸಲಕರಣೆ ಕೊಡುತ್ತಾರೆ. ಹಾಗಾದರೆ ನಾವು ಮಾಡಿಕೊಳ್ಳಬೇಕಾದ ಸಿದ್ಧತೆಯೇನು? ಈ ಪ್ರಶ್ನೆಗೆ ಇತಿಹಾಸವೇ ಚೆನ್ನಾಗಿ ಉತ್ತರ ಹೇಳುತ್ತದೆಯೆಂದು ನಮಗೆ ತೋರಿದೆ.

ಮೊದಲು ನಮ್ಮ ನೀರಿನ ವಿಚಾರ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಎರಡು ನದಿಗಳಿಂದ ಗುರುತಿಸಿತು, ತೆಂಕಣಕ್ಕೆ ಕಾವೇರಿ, ಬಡಗಣಕ್ಕೆ ಗೋದಾವರಿ. ಆ ಗೋದಾವರಿಯ ಸೀಮೆಯಲ್ಲಿ ಗಂಗಾಪುರವೆಂಬ ಹೆಸರಿನ ಊರುಗಳು ಎರಡಿವೆ. ಒಂದು ನಾಸಿಕದ ಪಕ್ಕದ್ದು. 1965ರಲ್ಲಿ ಅಲ್ಲಿ ಮುಗಿದ ಮಣ್ಣಿನ ಅಣೆಕಟ್ಟು ಇಂದಿಗೂ ನಾಸಿಕದ ಬಾಯಾರಿಕೆ ನೀಗುತ್ತದೆ. ಇನ್ನೊಂದು ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲೂಕು ಕೇಂದ್ರ. ಆ ತಾಲೂಕಿನ ಕಾಯಗಾಂವದ ಬಳಿ ಪ್ರವರೆಯು ಗೋದಾವರಿಯನ್ನು ಕೂಡುತ್ತದೆ. ನಾಡಿನ ಎಲ್ಲೆಯನ್ನೇ ಹೊಳೆಗಳಿಂದ ಗುರುತಿಸಿದ ಜನ ನಾವು. ಕರಾವಳಿಯವರನ್ನು ಬಿಟ್ಟರೆ ನಮ್ಮಲ್ಲಿ ಬಹುಪಾಲು ಮಂದಿ ಹೊಳೆ, ಕೆರೆ, ಬಾವಿಗಳ ನೀರನ್ನೇ ಬಲ್ಲವರು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ಅಜ್ಜಂದಿರು ಅನೇಕರ ಮನೆಯಲ್ಲಿ ಇದ್ದರು. ಅವರ ಮೊಮ್ಮಕ್ಕಳಿಗೆ ಆ ಬಾವಿಯೂ ಇಲ್ಲ, ಬುರುಡೆಯೂ ಇಲ್ಲ. ನೇರವಾಗಿ ಕಡಲಿಗೇ ಕರೆದೊಯ್ಯುತ್ತಿದ್ದೇವೆ.

ನೀರಾಟ ನಮ್ಮ ಪೂರ್ವಿಕರಿಗೆ ಹೊಸದಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಜಲಕ್ರೀಡೆಯನ್ನು ಅರಸರ ವಿನೋದಗಳಲ್ಲಿ ಸೇರಿಸಿದೆ. ಮೀನು ಹಿಡಿಯುವ ವಿನೋದಕ್ಕೂ ಅಲ್ಲಿ ಎಡೆಯಿದೆ. ಆದರೆ ಅದೆಲ್ಲ ನೀರಿನ ಮೇಲಿನ ಮಾತು. ನೀರಿನೊಳಗೆ ಉಳಿಯುವುದು ಮನುಷ್ಯ ಸಾಧ್ಯವಲ್ಲವೆಂದೇ ಹಿಂದಿನವರು ತಿಳಿದಿದ್ದರು. ರನ್ನನ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದು ಜಲಮಂತ್ರದ ಬಲದಿಂದ. ಮಂತ್ರವಿಲ್ಲದವನಿಗೆ ಉಳಿದ ದಾರಿ ಒಂದೇ, ಉಸಿರು ಬಿಗಿಹಿಡಿಯುವುದು.

ಆ ದಾರಿಯನ್ನು ಹಿಡಿದವರು ಹೊಟ್ಟೆಪಾಡಿಗಾಗಿ ಹಿಡಿದರು. ಮನ್ನಾರ್ ಕೊಲ್ಲಿಯಲ್ಲಿ ಮುತ್ತಿಗಾಗಿ ಮುಳುಗುತ್ತಿದ್ದವರ ವಿಚಾರವನ್ನು ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಬರೆದಿಟ್ಟಿದ್ದಾನೆ. ದೊಡ್ಡ ಮೀನುಗಳು ಮುಳುಗುವವರ ಮೈಮುಟ್ಟದಂತೆ ಮಂತ್ರ ಹಾಕುವವರಿಗೆ ಸಿಕ್ಕಿದ್ದರಲ್ಲಿ ಇಪ್ಪತ್ತನೆಯ ಒಂದು ಪಾಲು ಸಲ್ಲುತ್ತಿತ್ತಂತೆ. ಪರ್ಷಿಯಾ ಕೊಲ್ಲಿಯಲ್ಲಿ ಮುಳುಗುವವನ ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲಿನ ಭಾರ, ಸೊಂಟಕ್ಕೆ ಹಗ್ಗ. ಆ ಹಗ್ಗದ ಇನ್ನೊಂದು ತುದಿ ದೋಣಿಯಲ್ಲಿರುವ ಜೊತೆಗಾರನ ಕೈಯಲ್ಲಿ. ಮುಳುಗಿದವನು ಹಗ್ಗ ಜಗ್ಗಿದೊಡನೆ ಮೇಲಕ್ಕೆಳೆಯುವುದೇ ಆ ಜೊತೆಗಾರನ ಕೆಲಸ. ಕೊಲ್ಲಿಯ ಮುತ್ತುಗಳಿಗೆ ದೊಡ್ಡ ಪೇಟೆ ನಮ್ಮ ಮುಂಬಯಿಯೇ ಆಗಿತ್ತು. ಜಪಾನಿನ ಕೃಷಿ ಮುತ್ತು ಹಾಗೂ ಜಗತ್ತಿನ ಆರ್ಥಿಕ ಕುಸಿತದ ಹೊಡೆತಕ್ಕೆ 1930ರ ದಶಕದಲ್ಲಿ ಆ ವ್ಯಾಪಾರ ಮುರಿದುಬಿತ್ತು. ಆದರೂ ಉಸಿರು ಬಿಗಿಹಿಡಿದು ದುಡಿಯುವ ಬಾಳು ಮುಗಿಯಲಿಲ್ಲ. ತೀರ ಈಚೆಗೆ, ಈ ಶತಮಾನದಲ್ಲಿಯೇ, ಮುಂಬಯಿಯ ನೆರೆಯ ಠಾಣೆ, ವಸಾಯಿ ಖಾಡಿಗಳಲ್ಲಿ ಬಕೀಟು ಹಿಡಿದು ತಳಕ್ಕೆ ಮುಳುಗಿ ಮರಳು ತರುವ ಕೂಲಿಗಳಿದ್ದರು. ಕಿವಿಯ ನೋವು ಅವರ ಕಸುಬಿನೊಡನೆ ಬಂದದ್ದು.

ಇನ್ನು ನಳಿಗೆಯ ಕಥೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಸಿನ ಅರಿಸ್ಟಾಟಲನು ಆನೆಯ ಸೊಂಡಿಲನ್ನು ಮುಳುಗುವವರು ಉಸಿರಾಟಕ್ಕೆ ಬಳಸುವ ಉಪಕರಣಕ್ಕೆ ಹೋಲಿಸಿದ್ದಾನೆ. ಹದಿನೈದನೆಯ ಶತಮಾನದ ಇಟಲಿಯ ಲಿಯೊನಾರ್ಡೊ ಡ ವಿಂಚಿ ಅಂಥ ಕೊಳವೆಗಳ ಚಿತ್ರಗಳನ್ನು ಬರೆದಿಟ್ಟ. ಸ್ನಾರ್ಕೆಲ್ ಎಂಬ ಹೆಸರು ಮಾತ್ರ ತೀರ ಈಚಿನದು, ಅದೂ ಯುದ್ಧದ ಕೊಡುಗೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ನೀರಿನೊಳಗಿದ್ದೇ ಗಾಳಿ ಸೆಳೆದುಕೊಳ್ಳಲು ಬಳಸಿದ ಕೊಳವೆಗೆ ನಾವಿಕರು ಮೂಗು, ಮೂತಿ ಎಂಬರ್ಥದ ತಮ್ಮ ಆಡುಮಾತನ್ನು ಇಟ್ಟರು. ಅದೇ ಹೆಸರು ಈಜುಗಾರನ ನಳಿಗೆಗೂ ಅಂಟಿತು. ಕಾಲಿನ ರೆಕ್ಕೆಗೆ 1933ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಲೂಯಿ ದ ಕೊರ್ಲಿಯು ಪೇಟೆಂಟ್ ಪಡೆದ. 1943ರಲ್ಲಿ ಫ್ರಾನ್ಸಿನ ಕೂಸ್ತೊ ಮತ್ತು ಗಾನ್ಯಾನ್ ಎಂಬಿಬ್ಬರು ಬೆನ್ನಿಗೆ ಗಾಳಿಯ ಸಿಲಿಂಡರು ಹೊರುವ ಉಪಕರಣವನ್ನು ರೂಪಿಸಿದರು. ಅದು ಸ್ಕೂಬಾ, ಸ್ನಾರ್ಕೆಲಿಂಗ್ ಅದರ ಬಡ ತಮ್ಮ.

ನಳಿಗೆ ಇಷ್ಟು ಗಿಡ್ಡವೇಕೆ, ಉದ್ದ ಮಾಡಿದರೆ ಇನ್ನೂ ಆಳಕ್ಕೆ ಹೋಗಬಹುದಲ್ಲ ಎಂದು ಮಕ್ಕಳು ಕೇಳುವುದುಂಟು. ನೀರಿನಲ್ಲಿ ಒಂದು ಮೀಟರು ಇಳಿದರೆ ಎದೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನೂರು ಗ್ರಾಂ ಭಾರ ಹೆಚ್ಚಾಗುತ್ತದೆ. ಸಾವಿರ ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಅದು ನೂರು ಕಿಲೊ, ಅಂದರೆ ಒಂದು ಅಕ್ಕಿಮೂಟೆಗೂ ಮೀರಿದ ಭಾರ! ಅಷ್ಟನ್ನು ತಳ್ಳಿ ಮೇಲಿನ ಗಾಳಿಯನ್ನು ಒಳಗೆಳೆಯುವುದು ನಮ್ಮ ಉಸಿರಿನ ಸ್ನಾಯುಗಳಿಗೆ ಆಗದ ಕೆಲಸ. ಅದೂ ಅಲ್ಲದೆ ಬಿಟ್ಟ ಉಸಿರೇ ಉದ್ದ ಕೊಳವೆಯಲ್ಲಿ ಉಳಿದು ಮತ್ತೆ ಒಳಗೆ ಹೋಗುತ್ತದೆ. ಆದುದರಿಂದಲೇ ನಳಿಗೆಯ ಉದ್ದ ಸುಮಾರು 40 ಸೆಂಟಿಮೀಟರಿಗೆ ನಿಂತಿದೆ. ಅದು ನಮ್ಮನ್ನು ಮೀನನ್ನಾಗಿ ಮಾಡುವುದಿಲ್ಲ. ತಲೆಯೆತ್ತದೆ ಉಸಿರಾಡಲು ಬಿಡುತ್ತದೆ, ಅಷ್ಟೆ.

ಈ ಕಥೆಯಿಂದ ನಾವು ತಿಳಿಯಬೇಕಾದುದೇನು? ಮುತ್ತಿನವರ ಸಿದ್ಧತೆ ಎಳವೆಯಿಂದಲೇ ನಡೆಯುತ್ತಿತ್ತು. ಹಗ್ಗ ಹಿಡಿದ ಜೊತೆಗಾರನಿಲ್ಲದೆ ಅವರಲ್ಲಿ ಒಬ್ಬನೂ ಇಳಿಯುತ್ತಿರಲಿಲ್ಲ. ಸಲಕರಣೆ ಬಾಡಿಗೆಗೆ ಸಿಗುವ ಈ ಕಾಲದಲ್ಲಿ ನಾವು ಕಲಿಕೆಯನ್ನೂ ಜೊತೆಗಾರನನ್ನೂ ಕೈಬಿಟ್ಟಿದ್ದೇವೆ. ಅದರ ಬೆಲೆ ಪ್ರಾಣವೇ ಆಗಬಹುದು. ಹವಾಯಿ ದ್ವೀಪಗಳಲ್ಲಿ ಪ್ರವಾಸಿಗಳು ಕಡಲಲ್ಲಿ ಮುಳುಗಿ ಸಾಯುವ ಪ್ರಸಂಗಗಳಲ್ಲಿ ಸ್ನಾರ್ಕೆಲಿಂಗಿನದೇ ಮೊದಲ ಸ್ಥಾನ. ನಮ್ಮಲ್ಲಿ 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ತೀರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದ ನಾಲ್ವರು ಬಾಲೆಯರನ್ನು ಅಲೆ ಸೆಳೆದೊಯ್ದಿತು. ಅವರು ನಳಿಗೆ ತೊಟ್ಟವರಲ್ಲ, ದಂಡೆಯಲ್ಲಿ ಆಡುತ್ತಿದ್ದವರು. ಬಯಲುಸೀಮೆಯ ಮಕ್ಕಳಿಗೆ ಕಡಲಿನ ಸ್ವಭಾವ ಹೇಳಿಕೊಡದಿದ್ದರೆ ಏನಾದೀತೆಂಬುದನ್ನು ಆ ದಿನ ನಾವೆಲ್ಲ ಕಂಡೆವು.

ಆದುದರಿಂದ ಪ್ರವಾಸಕ್ಕೆ ಎರಡು ತಿಂಗಳಿರುವಾಗಲೇ ಸಿದ್ಧತೆ ಮೊದಲಾಗಲಿ. ನೇತ್ರಾಣಿಯ ದೋಣಿಗೆ ಹಣ ಕಟ್ಟುವ ಮೊದಲು ಈಜುಕೊಳಕ್ಕೆ ಕಟ್ಟಬೇಕು. ದಾದರಿನ ಶಿವಾಜಿ ಪಾರ್ಕಿನ ಮಹಾತ್ಮಾ ಗಾಂಧಿ ಈಜುಕೊಳದಂಥವು ನಗರದಲ್ಲಿ ಇರುವುದು ಇದಕ್ಕೇ ತಾನೆ? ಬೋರಲಾಗಿ ಗಾಬರಿಯಿಲ್ಲದೆ ತೇಲಲು, ನಳಿಗೆಗೆ ನೀರು ನುಗ್ಗಿದರೆ ‘ತೂ’ ಎಂದು ಬಲವಾಗಿ ಊದಿ ಹೊರಹಾಕಲು ಅಲ್ಲಿಯೇ ಕಲಿಯಬೇಕು. ಹೃದಯದ ತೊಂದರೆ, ರಕ್ತದೊತ್ತಡ, ಉಬ್ಬಸ, ಕಿವಿ ಸೋರುವಿಕೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಮುಖವಾಡವನ್ನು ಪಟ್ಟಿ ಕಟ್ಟದೆ ಮುಖಕ್ಕೊತ್ತಿ ಮೂಗಿನಿಂದ ಗಾಳಿ ಎಳೆದು ನೋಡಿ. ಕೈಬಿಟ್ಟರೂ ಬೀಳದೆ ನಿಂತರೆ ಅದು ನಿಮಗೆ ಸರಿಹೊಂದಿದೆಯೆಂದು ಅರ್ಥ. ದಟ್ಟ ಮೀಸೆಯಿದ್ದರೆ ಸಂದಿನಲ್ಲಿ ನೀರು ಜಿನುಗುತ್ತದೆ. ಗಾಜಿನ ಒಳಮೈಗೆ ಉಗುಳು ಸವರಿ ತೊಳೆದರೆ ಮಂಜು ಕಟ್ಟದು. ಅಸಹ್ಯವೆನಿಸಿದರೂ ಇದು ನುರಿತವರ ಉಪಾಯ. ಗಾಜಿನ ಮೂಲಕ ನೋಡಿದಾಗ ನೀರಿನಲ್ಲಿ ವಸ್ತುಗಳು ಮೂರನೆಯ ಒಂದು ಪಾಲು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ಆದ್ದರಿಂದ ಕೈಗೆಟುಕಿತೆಂದು ತೋರುವ ಬಂಡೆ ನಿಜವಾಗಿ ದೂರವಿರುತ್ತದೆ. ಮುಳುಗುವ ಮೊದಲು ರಭಸದಿಂದ ಹತ್ತಾರು ಸಲ ಉಸಿರೆಳೆದು ಬಿಡುವ ಚಟ ಬೇಡವೇ ಬೇಡ. ಹಾಗೆ ಮಾಡಿದರೆ ಉಸಿರು ಬೇಕೆಂದು ದೇಹ ಎಚ್ಚರಿಸುವ ಮೊದಲೇ ಪ್ರಜ್ಞೆ ತಪ್ಪೀತು. ಜೀವರಕ್ಷಕ ಜಾಕೀಟು ತೊಡಲು ನಾಚಿಕೆ ಸಲ್ಲದು. ಬೆನ್ನು ಬಿಸಿಲಿಗೆ ಬೇಯದಂತೆ ತುಂಬುತೋಳಿನ ಅಂಗಿಯಿರಲಿ. ಮುತ್ತಿನವರ ಹಗ್ಗದ ಬದಲು ಜೊತೆಗಾರನ ಕಣ್ಣಾದರೂ ಸದಾ ನಮ್ಮ ಮೇಲಿರಲಿ. ಮಳೆಗಾಲದಲ್ಲಿ ಈ ಮಾತೇ ಬೇಡ.

ಕೊನೆಯದಾಗಿ ಹವಳದ ಮಾತು. ಅದು ಕಲ್ಲಿನಂತೆ ಕಂಡರೂ ಜೀವವುಳ್ಳದ್ದು, ಮೆಲ್ಲನೆ ಬೆಳೆಯುವಂಥದ್ದು. ನೀರಿನ ಬಿಸಿ ಏರಿದ್ದರಿಂದ 1998ರಲ್ಲಿಯೂ 2024ರಲ್ಲಿಯೂ ಲಕ್ಷದ್ವೀಪದ ಹವಳ ಬಿಳಿಚಿತು. ದಣಿವಾರಿಸಿಕೊಳ್ಳಲೆಂದು ಅದರ ಮೇಲೆ ಕಾಲೂರುವವನು ವರ್ಷಗಳ ಬೆಳೆಯನ್ನು ಕ್ಷಣದಲ್ಲಿ ಮುರಿಯುತ್ತಾನೆ. ಈಜು ಬಾರದವನಿಗೆ ಕಾಲೂರದೆ ಗತಿಯಿಲ್ಲ. ಬಲ್ಲವನು ಅದನ್ನು ಮುಟ್ಟದೆ ತೇಲುತ್ತಾನೆ. ಒಂದೇ ಕಲಿಕೆ ನಮ್ಮ ಮಕ್ಕಳನ್ನೂ ಕಡಲನ್ನೂ ಕಾಯುವುದಾದರೆ, ರಜೆಯ ಖರ್ಚಿನಲ್ಲಿ ಮೊದಲ ಪಾಲು ಅದಕ್ಕೇ ಸಲ್ಲಬೇಕಲ್ಲವೆ?