ರತ್ನಸಭಾಪತಿಪುರದಲ್ಲಿ ಒಂದು ಬಾಡಿಗೆಮನೆ

ಮನೆಯನ್ನು ಬಾಡಿಗೆಗೆ ಹಿಡಿಯುವುದೂ ಇತಿಹಾಸದ ವಿಷಯವೇ ಎಂದು ವಾಚಕರು ಕೇಳಬಹುದು. ಯುದ್ಧಗಳ ತಾರೀಖುಗಳನ್ನೇ ಇತಿಹಾಸವೆಂದು ಕಲಿಸುತ್ತ ಬಂದ ನಮಗೆ ಆ ಸಂದೇಹ ಸಹಜವೇ. ಆದರೆ ಉಕ್ಕಡದ ದೊಡ್ಡ ಕೆರೆಯ ಏರಿಯನ್ನು ಬಿಟ್ಟು ಸುಮಾರು ಮೂರು ಕಿಲೋಮೀಟರು ನಡೆದು ಆರ್. ಎಸ್. ಪುರವನ್ನು ಹೊಕ್ಕವನಿಗೆ, ಬೀದಿಗಳ ಅಗಲವೇ ಬೇರೊಂದು ಕಾಲದ ಕಥೆಯನ್ನು ಹೇಳುತ್ತದೆ.

ಕೊಯಮತ್ತೂರು 1799ರವರೆಗೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದ ಊರು. 1866ರಲ್ಲಿ ಇಲ್ಲಿ ಪುರಸಭೆ ಸ್ಥಾಪಿತವಾಯಿತು. ಹಳೆಯ ಪೇಟೆಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದುವು. ಮನೆಯೊಳಗೆ ಕನ್ನಡವನ್ನಾಡುವ ದೇವಾಂಗ ನೇಕಾರರಿಗಂತೂ ಮನೆಯೆಂದರೆ ಮೊದಲು ಮಗ್ಗಕ್ಕೆ ಸ್ಥಳ, ಉಳಿದುದರಲ್ಲಿ ಸಂಸಾರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಲೇಗು ಈ ಇಕ್ಕಟ್ಟಿನ ಮೇಲೆ ಎರಗಿತು. 1898ರಲ್ಲಿ ಬೆಂಗಳೂರನ್ನು ಹೊಕ್ಕ ಅದೇ ಮಾರಿ ಅಲ್ಲಿ ಬಸವನಗುಡಿ, ಮಲ್ಲೇಶ್ವರಗಳ ಬೆಳವಣಿಗೆಯನ್ನು ತ್ವರೆಗೊಳಿಸಿದಂತೆ, ಇಲ್ಲಿಯೂ ಗಾಳಿಬೆಳಕುಳ್ಳ ಹೊಸ ಬಡಾವಣೆಯ ಹಂಬಲವನ್ನು ಹುಟ್ಟಿಸಿತು. ಪುರಸಭೆಯ ಅಧ್ಯಕ್ಷರಾಗಿದ್ದ ದಿವಾನ್ ಬಹದ್ದೂರ್ ರತ್ನಸಭಾಪತಿ ಮೊದಲಿಯಾರರ ಹೆಸರನ್ನು ಆ ಬಡಾವಣೆಯು ಹೊತ್ತಿದೆ. 1930ರ ಸುಮಾರಿಗೆ ನಗರಕ್ಕೆ ಸಿರುವಾಣಿಯ ಸಿಹಿನೀರು ಬಂದುದರಲ್ಲಿಯೂ ಅವರ ಶ್ರಮವುಂಟು. ರೋಗಭಯದಿಂದ ಹುಟ್ಟಿದ ಬಡಾವಣೆ ಹೀಗೆ ಕ್ರಮೇಣ ಸ್ಥಿತಿವಂತರ ಬಡಾವಣೆಯಾಯಿತು.

1932ರಲ್ಲಿ ಪೈಕಾರದ ವಿದ್ಯುತ್ತು ದೊರೆತ ಮೇಲೆ ಹತ್ತಿಗಿರಣಿಗಳು ಹೆಚ್ಚಿದುವು, ಜನ ಬಂದರು, ಮನೆಗಳು ಸಾಲದಾದುವು. ಎರಡನೆಯ ಮಹಾಯುದ್ಧದ ಕಾಲದ ಅಭಾವದಲ್ಲಿ ಸರಕಾರ ಬಾಡಿಗೆಗೆ ಕಡಿವಾಣ ಹಾಕಿತು. ಮದರಾಸು ಪ್ರಾಂತದಲ್ಲಿ 1946, 1949, 1960ರ ಕಾಯಿದೆಗಳು ಒಂದರ ಹಿಂದೊಂದು ಬಂದುವು. ನ್ಯಾಯವಾದ ಬಾಡಿಗೆಯನ್ನು ಅಧಿಕಾರಿ ಗೊತ್ತುಮಾಡಬಹುದಾಗಿತ್ತು. ಕಾನೂನು ಹೇಳಿದ ಕಾರಣವಿಲ್ಲದೆ ಒಕ್ಕಲೆಬ್ಬಿಸುವಂತಿರಲಿಲ್ಲ. (ಒಕ್ಕಲು ಎಂದರೆ ಮನೆಹೊಕ್ಕು ನೆಲೆಸಿದ ಸಂಸಾರ, ಬಾಡಿಗೆದಾರ, ಬೇಸಾಯಗಾರ ಎಲ್ಲವೂ ಹೌದು. ತಮಿಳರು ಮನೆಬಾಡಿಗೆಯನ್ನು ಕುಡಿಕ್ಕೂಲಿ ಎನ್ನುವಾಗಲೂ ಆ 'ಕುಡಿ' ಎಂಬುದು ಸಂಸಾರವೇ. ಎರಡು ನುಡಿಗಳೂ ಗೋಡೆಯನ್ನಲ್ಲದೆ ಒಳಗಿರುವ ಜನರನ್ನು ಎಣಿಸಿವೆ.)

ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ತಿಂಗಳಿಗೆ 400 ರೂಪಾಯಿಗೆ ಮೀರಿದ ಬಾಡಿಗೆಯ ವಾಸದ ಮನೆಗಳಿಗೆ ಈ ರಕ್ಷಣೆಯಿರಲಿಲ್ಲ. ಅಷ್ಟು ಕೊಡಬಲ್ಲವನು ತನ್ನನ್ನು ತಾನೇ ಕಾಪಾಡಿಕೊಳ್ಳಲಿ ಎಂಬುದು ಎಣಿಕೆ. ಬೆಲೆಗಳೇರಿದಂತೆ ಸಾಧಾರಣ ಸಂಬಳದವನೂ ಆ ಗೆರೆಯನ್ನು ದಾಟಿದನು. ಅಂಗಡಿ ಮಳಿಗೆಗಳಿಗಿಲ್ಲದ ಮಿತಿ ವಾಸದ ಮನೆಗೆ ಮಾತ್ರ ಏಕೆ? 1986ರಲ್ಲಿ ಸುಪ್ರೀಂ ಕೋರ್ಟು ಆ ವಿಧಿಯನ್ನು ರದ್ದುಗೊಳಿಸಿತು. ಅಂದರೆ ಒಳ್ಳೆಯ ಬಡಾವಣೆಯ ಬಾಡಿಗೆದಾರನಿಗೆ ಕಾನೂನಿನ ಆಸರೆ ದೊರೆತುದು ತೀರ ತಡವಾಗಿ. ದೊರೆತ ಮೇಲಾದರೂ ಪಾಲನೆಯಾಯಿತೇ? 1960ರ ಕಾಯಿದೆಯಂತೆ ಮುಂಗಡವು ಒಂದು ತಿಂಗಳ ಬಾಡಿಗೆಯನ್ನು ಮೀರಬಾರದು. ಹತ್ತು ತಿಂಗಳಿನದನ್ನು ಕೇಳುವುದೇ ರೂಢಿಯಾಗಿಹೋಯಿತು.

ಈಗ ಆರ್. ಎಸ್. ಪುರದಲ್ಲಿ ಒಂದು ಮಲಗುವ ಕೋಣೆಯ ಫ್ಲ್ಯಾಟನ್ನು ಹಿಡಿಯುವವನಿಗೆ ಆ ಹಳೆಯ ಕಾಯಿದೆಯಿಲ್ಲ. 2017ರ ಕಾಯಿದೆ 2019ರ ಫೆಬ್ರವರಿ 22ರಿಂದ ಜಾರಿಗೆ ಬಂದಿತು. ನ್ಯಾಯವಾದ ಬಾಡಿಗೆಯೆಂಬುದು ಹೋಗಿ, ಇಬ್ಬರೂ ಒಪ್ಪಿದ ಬಾಡಿಗೆ ಎಂಬುದು ಬಂತು. ಕರಾರು ಬರಹದಲ್ಲಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಹಿಂದೆ ನೋಂದಣಿಯನ್ನು ತಪ್ಪಿಸಲೆಂದೇ ಹನ್ನೊಂದು ತಿಂಗಳಿಗೆ ಬರೆಯುತ್ತಿದ್ದ ಉಪಾಯ ಇಲ್ಲಿ ಸಲ್ಲದು. ಮುಂಗಡಕ್ಕೆ ಮೂರು ತಿಂಗಳ ಬಾಡಿಗೆಯ ಮಿತಿಯುಂಟು, ಆದರೆ ಕರಾರಿನಲ್ಲಿ ಬೇರೆ ವಿಧವಾಗಿ ಬರೆದಿರದಿದ್ದರೆ ಮಾತ್ರ! ಹತ್ತು ತಿಂಗಳೆಂಬ ಸಾಲನ್ನು ಓದದೆ ರುಜುಮಾಡಿದವನಿಗೆ ಆ ಮಿತಿಯ ಆಸರೆ ಇಲ್ಲ. ನಮ್ಮ ತರಗತಿಗಳಲ್ಲಿ ಕಾಲ್ಪನಿಕ ಮಿತ್ರನಿಗೆ ಓಲೆ ಬರೆಸುವ ಬದಲು ಒಂದು ಕರಾರುಪತ್ರವನ್ನು ಓದಿಸುವುದು ಹೆಚ್ಚು ಪ್ರಯೋಜನಕರವೆಂದು ನನಗೆ ತೋರುತ್ತದೆ.

ಮನೆಯನ್ನು ತೆರವು ಮಾಡಿದ ಒಂದು ತಿಂಗಳೊಳಗೆ, ಸಲ್ಲಬೇಕಾದ ಬಾಕಿಯನ್ನು ಕಳೆದು, ಮುಂಗಡವನ್ನು ಹಿಂದಿರುಗಿಸಬೇಕೆಂದೂ ಕಾನೂನು ಹೇಳುತ್ತದೆ. ವಿವಾದವಿದ್ದರೂ ಸಿರುವಾಣಿಯ ನೀರನ್ನಾಗಲಿ ವಿದ್ಯುತ್ತನ್ನಾಗಲಿ ಕಡಿದು ಸಂಸಾರವನ್ನು ಹೊರಗಟ್ಟುವ ಅಧಿಕಾರ ಮನೆಯೊಡೆಯನಿಗಿಲ್ಲ. ಹಾಗೆ ಮಾಡಿದರೆ ಬಾಡಿಗೆದಾರನು ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು.