ಶೋಲೆ: ಹಕ್ಕುಗಳ ಇತಿಹಾಸ

ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ಹಿಂದಿ ಚಿತ್ರ 'ಶೋಲೆ' ಹತ್ತಾರು ವರ್ಷ ಕೋರ್ಟುಗಳಲ್ಲಿ ಎಬ್ಬಿಸಿದ ಒಡೆತನದ ತಕರಾರುಗಳ ಚರಿತ್ರೆ ಇದು. ಚಿತ್ರದ ಕೃತಿಸ್ವಾಮ್ಯ, ಶೀರ್ಷಿಕೆಯ ಟ್ರೇಡ್‌ಮಾರ್ಕ್, ಪಾತ್ರಗಳ ಒಡೆತನ, ನಟರ ಮುಖ ಮತ್ತು ದನಿಗೆ ಸಂಬಂಧಿಸಿದ ವ್ಯಕ್ತಿತ್ವದ ಹಕ್ಕು, ಈ ನಾಲ್ಕನ್ನೂ 'ಶೋಲೆ ಹಕ್ಕು' ಎಂದು ಒಂದೇ ಗಂಟಿನಲ್ಲಿ ಕಟ್ಟಿ ಹೇಳುವ ರೂಢಿಯಿದೆ. ಗೊಂದಲ ಹುಟ್ಟುವುದೇ ಅಲ್ಲಿ. ಕಾನೂನಿನಲ್ಲಿ ಇವುಗಳ ಯಜಮಾನರೂ ಬೇರೆ, ಆಯಸ್ಸೂ ಬೇರೆ.

ಚಿತ್ರೀಕರಣದ ಕಥೆ ಎಲ್ಲರಿಗೂ ಗೊತ್ತಿರುವುದೇ. 1973ರ ಅಕ್ಟೋಬರಿನಲ್ಲಿ ಕೆಲಸ ಶುರುವಾಯಿತು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಬೆಟ್ಟದ ಬುಡದಲ್ಲಿ 'ರಾಮಗಢ' ಎಂಬ ಊರನ್ನೇ ಕಟ್ಟಿದರು. ಜಿ.ಪಿ. ಸಿಪ್ಪಿ ನಿರ್ಮಾಪಕರು, ಅವರ ಮಗ ರಮೇಶ್ ಸಿಪ್ಪಿ ನಿರ್ದೇಶಕರು. ಚಿತ್ರ 1975ರ ಆಗಸ್ಟ್ 15ರಂದು ತೆರೆಕಂಡಿತು.

ಬಿಡುಗಡೆಯಾದ ಮೇಲೆ ಪಾಲಿಡಾರ್ ಕಂಪನಿ ಬರೀ ಸಂಭಾಷಣೆಯ ಗ್ರಾಮಫೋನ್ ತಟ್ಟೆಗಳನ್ನು ಮಾರಿತು. ಚಿತ್ರದಲ್ಲಿ ಗಬ್ಬರ್ ಸಿಂಗ್ ಆಗಿದ್ದ ಅಮ್ಜದ್ ಖಾನ್ ಅದೇ ವೇಷದಲ್ಲಿ ಬ್ರಿಟಾನಿಯಾದ ಗ್ಲೂಕೋಸ್-ಡಿ ಬಿಸ್ಕತ್ತಿನ ಜಾಹೀರಾತಿಗೆ ಬಂದರು. ಬಿಸ್ಕತ್ತು ಮಾರಿದ್ದು ಅಮ್ಜದ್ ಖಾನರ ಮುಖವೋ, ಸಿಪ್ಪಿಯವರ ಗಬ್ಬರ್ರೋ? ಮುಂದಿನ ವ್ಯಾಜ್ಯಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಪ್ರಶ್ನೆಯ ಸುತ್ತಲೇ ಬೆಳೆದವು.

ಮೊದಲು ಚಿತ್ರದ ಒಡೆತನ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಕರ್ತೃ ನಿರ್ದೇಶಕನಲ್ಲ, ನಿರ್ಮಾಪಕ. 'ಶೋಲೆ'ಯನ್ನು 3ಡಿಗೆ ಪರಿವರ್ತಿಸುವ ಕೆಲಸ ನಡೆದಾಗ ರಮೇಶ್ ಸಿಪ್ಪಿ ಇದನ್ನೇ ಪ್ರಶ್ನಿಸಿ ಮುಂಬಯಿ ಹೈಕೋರ್ಟಿಗೆ ಹೋದರು. 2013ರಲ್ಲಿ ಕೋರ್ಟು ಮಧ್ಯಂತರ ತಡೆ ಕೊಡಲಿಲ್ಲ. 2014ರ ಜನವರಿ 3ಕ್ಕೆ 3ಡಿ ಆವೃತ್ತಿ ತೆರೆಗೆ ಬಂತು. ಚಿತ್ರದ ಪ್ರತಿ ದೃಶ್ಯವನ್ನೂ ಕಟ್ಟಿದವರಿಗೇ ಅದರ ಮೇಲೆ ಒಡೆತನವಿಲ್ಲ ಎಂಬುದು ಓದುಗರಿಗೆ ಕಠೋರವಾಗಿ ಕಾಣಬಹುದು. ಆದರೆ ಕಾಯ್ದೆಯ ಅಕ್ಷರ ಇರುವುದು ಹಾಗೆಯೇ.

ಶೀರ್ಷಿಕೆಯ ವಿಚಾರ ಇನ್ನೂ ಸಿಕ್ಕುಸಿಕ್ಕು. 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 'ದೇಸಿ ಬಾಯ್ಸ್' ಪ್ರಕರಣದಲ್ಲಿ, ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲ ಎಂದಿತು. ಅದಕ್ಕೆ ಎರಡು ತಿಂಗಳ ಮುಂಚೆ ದೆಹಲಿ ಹೈಕೋರ್ಟ್ 'ರಾಮ್ ಗೋಪಾಲ್ ವರ್ಮಾ ಕಿ ಆಗ್' (2007) ಚಿತ್ರದ ವಿರುದ್ಧ ತೀರ್ಪಿತ್ತು, 'ಶೋಲೆ', 'ಗಬ್ಬರ್' ಹೆಸರುಗಳನ್ನು ಬಳಸದಂತೆ ತಡೆದು 10 ಲಕ್ಷ ರೂಪಾಯಿ ದಂಡರೂಪದ ಪರಿಹಾರ ವಿಧಿಸಿತ್ತು. ಇವೆರಡೂ ಒಂದಕ್ಕೊಂದು ಎದುರು ನಿಂತಂತೆ ತೋರುತ್ತವೆ, ನಿಂತಿಲ್ಲ. ಹೆಸರಿಗೆ ಕೃತಿಸ್ವಾಮ್ಯ ಸಿಗದು. ಜನ ಆ ಹೆಸರು ಕೇಳಿದೊಡನೆ ಒಬ್ಬನ ಸರಕನ್ನೇ ನೆನೆಯುವಂತಾದರೆ ಟ್ರೇಡ್‌ಮಾರ್ಕಿನ ರಕ್ಷಣೆ ಸಿಗುತ್ತದೆ. 2022ರ ಮೇ 30ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಇದನ್ನು ಬಿಡಿಸಿ ಹೇಳಿದರು. 'ಶೋಲೆ' ಹೆಸರಿನಲ್ಲಿ ಇಂಟರ್ನೆಟ್ ವಿಳಾಸ ಮಾಡಿಕೊಂಡವರ ಮೇಲೆ ಹೂಡಿದ್ದ ಆ ದಾವೆ 20 ವರ್ಷಕ್ಕೂ ಮೇಲ್ಪಟ್ಟು ನಡೆದು, ವೆಚ್ಚ ಮತ್ತು ಪರಿಹಾರವಾಗಿ 25 ಲಕ್ಷ ರೂಪಾಯಿ ಆದೇಶದೊಂದಿಗೆ ಮುಗಿಯಿತು. ಈ ವ್ಯತ್ಯಾಸದ ಪರಿಣಾಮ ಸಣ್ಣದಲ್ಲ: ಚಿತ್ರದ ಕೃತಿಸ್ವಾಮ್ಯ 60 ವರ್ಷ ತುಂಬಿ 2035ರ ಕೊನೆಗೆ ತೀರುತ್ತದೆ, ಟ್ರೇಡ್‌ಮಾರ್ಕನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬಹುದು.

ಟ್ರೇಡ್‌ಮಾರ್ಕಿನ ಇದೇ ವಾದ ಕ್ರೀಡೆಯಲ್ಲಿ ಎಲ್ಲ ಸಲವೂ ಗೆದ್ದಿಲ್ಲ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಆರ್‌ಸಿಬಿ (ರಾಯಲ್ ಚಾಲೆಂಜರ್ಸ್ ಬೆಂಗಳೂರು) ಕ್ರಿಕೆಟ್ ತಂಡ, ತನ್ನ ಹೆಸರನ್ನು 'ರಾಯಲಿ ಚಾಲೆಂಜ್ಡ್ ಬೆಂಗಳೂರು' ಎಂದು ತಿರುಚಿದ ಊಬರ್ ಜಾಹೀರಾತನ್ನು ತಡೆಯಲು ಕೇಳಿದಾಗ, ದೆಹಲಿ ಹೈಕೋರ್ಟ್ ಅದನ್ನು ಆಟದೊಳಗಿನ ಕೀಟಲೆಯೆಂದು ಕಂಡು ಮಧ್ಯಂತರ ತಡೆ ನಿರಾಕರಿಸಿತು.

ನಟರ ಮುಖದ ಹಕ್ಕಿಗೆ ಭಾರತದಲ್ಲಿ ಪ್ರತ್ಯೇಕ ಕಾಯ್ದೆಯೇ ಇಲ್ಲ; ಕೋರ್ಟುಗಳು ತೀರ್ಪಿನಿಂದ ತೀರ್ಪಿಗೆ ಅದನ್ನು ಕಟ್ಟಿವೆ. ಇಲ್ಲಿಯೂ 'ಶೋಲೆ'ಯ ನಟರೇ ಮುಂದೆ. ಜಯ್ ಮತ್ತು ರಾಧಾ ಆಗಿದ್ದ ಅಮಿತಾಭ್ ಮತ್ತು ಜಯಾ ಬಚ್ಚನ್ ಟೈಟಾನ್ ಕಂಪನಿಯ ತನಿಷ್ಕ್ ಆಭರಣಗಳ ಜಾಹೀರಾತಿಗೆ ನಿಂತಿದ್ದರು. ಮುಜಫ್ಫರನಗರದ ಒಬ್ಬ ಒಡವೆ ವ್ಯಾಪಾರಿಯ ಹೋರ್ಡಿಂಗಿನಲ್ಲಿ ಅದೇ ಜೋಡಿಯ ಅದೇ ಚಿತ್ರ ಕಾಣಿಸಿತು, ಅಂಗಡಿಯ ಹೆಸರೊಂದು ಮಾತ್ರ ಬೇರೆ. 2012ರಲ್ಲಿ ದೆಹಲಿ ಹೈಕೋರ್ಟ್ ಟೈಟಾನ್ ಪರ ನಿಂತು, ವ್ಯಕ್ತಿ ಯಾರೆಂದು ಗುರುತು ಹತ್ತಿದರೆ ಸಾಕು, ಅವರು ಆ ಸರಕನ್ನು ಒಪ್ಪಿದ್ದಾರೆಂದು ಸುಳ್ಳು ಹೇಳಿರಬೇಕಿಲ್ಲ ಎಂದಿತು. ಈ ಇತಿಹಾಸದ ನಿಜವಾದ ತಿರುವು ಇದು. 2022ರ ನವೆಂಬರಿನಲ್ಲಿ ಅಮಿತಾಭರ ಹೆಸರು, ಚಿತ್ರ, ದನಿಗೆ ಸಿಕ್ಕ ತಡೆಯಾಜ್ಞೆ ಅದರ ಮುಂದುವರಿಕೆ.

ತೀರಿಹೋದವರ ಮುಖ ಯಾರದು? 2023ರಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟ್, ಈ ಹಕ್ಕು ವ್ಯಕ್ತಿಯೊಂದಿಗೇ ತೀರುತ್ತದೆ, ವಾರಸುದಾರರಿಗೆ ಬರುವುದಿಲ್ಲ ಎಂದು ಅಭಿಪ್ರಾಯಪಟ್ಟಿತು. ಆ ಲೆಕ್ಕದಲ್ಲಿ 1992ರಲ್ಲಿ ನಿಧನರಾದ ಅಮ್ಜದ್ ಖಾನರ ಮುಖಕ್ಕೆ ಕಾವಲಿಲ್ಲ; ಅವರು ಧರಿಸಿದ ಗಬ್ಬರ್ ಹೆಸರಿಗೆ ಇದೆ.

ಚಿತ್ರೀಕರಣ ನಡೆದ ಜಾಗಕ್ಕೆ ಈ ಯಾವ ಹಕ್ಕಿನಲ್ಲಿಯೂ ಪಾಲಿಲ್ಲ. ರಾಮದೇವರ ಬೆಟ್ಟಕ್ಕೆ ಸಿಕ್ಕ ರಕ್ಷಣೆ 2012ರಲ್ಲಿ ಘೋಷಣೆಯಾದ ರಣಹದ್ದು ಅಭಯಧಾಮದ್ದು. ಊರಿನ ಹೆಸರಿಗೇ ಹಕ್ಕು ಸಿಕ್ಕ ನಿದರ್ಶನ ಮಾತ್ರ ಹತ್ತಿರದಲ್ಲೇ ಇದೆ: ಮೈಸೂರು ರಸ್ತೆಯಲ್ಲಿ ಕೆಂಗಲ್ ಆಂಜನೇಯನ ಗುಡಿ ದಾಟಿದರೆ ಸಿಗುವ ಚನ್ನಪಟ್ಟಣ. ಅಲ್ಲಿನ ಕುಶಲಕರ್ಮಿ ಲೇತಿನಲ್ಲಿ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾನೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ತೀಡಿದಾಗ ಹೊಳಪೇರುತ್ತದೆ. ಈ ಗೊಂಬೆಗಳಿಗೆ 2005-06ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. 1999ರ ಭೌಗೋಳಿಕ ಸೂಚ್ಯಂಕ ಕಾಯ್ದೆಯಡಿ 'ಚನ್ನಪಟ್ಟಣ' ಎಂಬ ಹೆಸರಿನ ಹಕ್ಕನ್ನು ಯಾರೂ ಮಾರುವಂತಿಲ್ಲ, ಬೇರೆಯವರಿಗೆ ಬರೆದುಕೊಡುವಂತಿಲ್ಲ. ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಂಡ ಕುಶಲಕರ್ಮಿ ತೀರಿಕೊಂಡರೆ, ಅವನ ಹಕ್ಕು ವಾರಸುದಾರರಿಗೆ ಸೇರುತ್ತದೆ.